ಸೇಡಿನ ಸಾಕ್ಷಿ ಬೈಗುಳದಾಗ ಇರೂದಿಲ್ಲ, ತಾರೀಖಿನಾಗ ಇರ್ತದ



ಪೋಸ್ಟ್ ಉದ್ದ ಐತಿ, ಆದರೂ ಪೂರ್ತಿ ಓದ್ರಿ. ನೌಕರಿ ಮಾಡೋ ನಮ್ಮ ಹುಡುಗ ಹುಡುಗಿಯರ ಹೊಟ್ಟಿ ವಿಷಯ ಇದು.

ಅಣ್ಣಿಗೇರಿ, ನವಲಗುಂದ, ಕುಂದಗೋಳ ಕಡೆಯಿಂದ ನನಗೆ ಬರೋ ಫೋನುಗಳಲ್ಲಿ ಬಹಳಷ್ಟು ಒಂದೇ ನಮೂನಿ. "ಅಣ್ಣಾರ, ಸಾಹೇಬರ ಮ್ಯಾಲೆ ಅರ್ಜಿ ಕೊಟ್ಟಿದ್ದೆ. ಈಗ ನನಗ ನೋಟಿಸ್ ಬಂದೈತಿ. ಅಟ್ರಾಸಿಟಿ ಆಗತೈತೇನ್ರಿ?" ವಕೀಲರ ಹತ್ತಿರ ಕರಕೊಂಡು ಹೋದರೆ ಅವರು ಕೇಳೋ ಮೊದಲ ಪ್ರಶ್ನೆ: "ಸಾಹೇಬ ಜಾತಿ ಹೆಸರು ತಗದು ಬೈದನೇನು? ಯಾರ ಮುಂದ ಬೈದ?" ಹುಡುಗ ಹೇಳ್ತಾನ: "ಬೈದಿಲ್ರಿ. ಬಾಳ ಮರ್ಯಾದಿಲೇ ನೋಟಿಸ್ ಕೊಟ್ಟಾರ." ಅಲ್ಲಿಗೆ ಕೇಸ್ ಮುಗೀತು. ವಕೀಲರದ್ದೂ ತಪ್ಪಲ್ಲ. ಕೋರ್ಟಿನಲ್ಲಿ ಕೇಳೋದೇ ಆ ಪ್ರಶ್ನೆ.

ನಾನು ಹೇಳೋದು ಇಷ್ಟು. ದಲಿತ ನೌಕರನ ಮೇಲೆ ಮೇಲಧಿಕಾರಿ ಅಥವಾ ಮಾಲೀಕ ಸೇಡು ತೀರಿಸಿಕೊಂಡಾಗ ನಮ್ಮ ನ್ಯಾಯಾಲಯಗಳು ತಪ್ಪು ಜಾಗದಲ್ಲಿ ಸಾಕ್ಷಿ ಹುಡುಕುತ್ತಿವೆ. ಬೈಗುಳ ಹುಡುಕ್ತಾವ, ಬೈಗುಳ ಕೇಳಿಸಿಕೊಂಡ ಹೊರಗಿನವರನ್ನು ಹುಡುಕ್ತಾವ. ಆದರೆ ಇವತ್ತಿನ ಸೇಡು ಕಾಗದದ ಮೇಲೆ ನಡೆಯುತ್ತದೆ. ಮೆಮೊ ರೂಪದಲ್ಲಿ, ವರ್ಗಾವಣೆ ರೂಪದಲ್ಲಿ, ಗೌಪ್ಯ ವರದಿಯಲ್ಲಿ ಬರೆಯೋ ಒಂದು ಸಾಲಿನ ರೂಪದಲ್ಲಿ, ಗುತ್ತಿಗೆದಾರನ ಪಟ್ಟಿಯಿಂದ ಹೆಸರು ಮಾಯ ಆಗೋ ರೂಪದಲ್ಲಿ ಬರುತ್ತದೆ. ಆ ಪ್ರತಿ ಕಾಗದದ ಮೇಲೂ ಒಂದು ತಾರೀಖು ಇರುತ್ತದೆ. ದೂರು ಕೊಟ್ಟ ತಾರೀಖು, ಕೆಲಸ ಹೋದ ತಾರೀಖು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ರಿ ಅನ್ನೋದೇ ನನ್ನ ವಾದ.

ಮೊದಲು ಕೋರ್ಟ್ ಏನು ಮಾಡ್ಯಾವ ನೋಡೋಣ.

ಮಂಗಳೂರಿನ ಒಂದು ಪ್ರಕರಣ. ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಕೆಲಸ ಮಾಡುತ್ತಿದ್ದ ಕೂಲಿಕಾರನನ್ನು ಜಾತಿ ಹಿಡಿದು ಬೈದರು ಅನ್ನೋ ಆರೋಪ. ಜೊತೆಯಲ್ಲಿ ಬೇರೆ ಕೆಲಸಗಾರರೂ ಇದ್ದರು. 2022ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಕೇಸನ್ನು ರದ್ದು ಮಾಡಿತು. ಕಾರಣ, ನೆಲಮಾಳಿಗೆ 'ಸಾರ್ವಜನಿಕರ ದೃಷ್ಟಿಗೆ ಬೀಳುವ ಸ್ಥಳ' ಅಲ್ಲ, ಅಲ್ಲಿದ್ದವರು ದೂರುದಾರನ ಕಡೆಯವರೇ. ಕಟ್ಟಡದ ಮಾಲೀಕನಿಗೂ ಆರೋಪಿಗೂ ಮೊದಲೇ ವ್ಯಾಜ್ಯ ಇತ್ತು ಅನ್ನೋದನ್ನೂ ಕೋರ್ಟ್ ಲೆಕ್ಕಕ್ಕೆ ತಗೊಂಡಿತು. ಅದಿರಲಿ. ನನ್ನ ಪ್ರಶ್ನೆ ಬೇರೆ. ಕೂಲಿಕಾರನ ಕೆಲಸದ ಜಾಗದಲ್ಲಿ ಜೊತೆ ಕೆಲಸಗಾರರು ಬಿಟ್ಟು ಮತ್ಯಾರು ಇರ್ತಾರ? ನೆಲಮಾಳಿಗೆಗೆ ಸಂತಿ ಜನ ಬಂದು ನಿಲ್ಲಬೇಕೇನು?

ತಮಿಳುನಾಡಿನ ಲಾಲ್‌ಗುಡಿಯ ಪ್ರಕರಣ ಇನ್ನೊಂದು. ಪರಿಶಿಷ್ಟ ಜಾತಿಯ ಕಂದಾಯ ನಿರೀಕ್ಷಕರೊಬ್ಬರು ತಮ್ಮ ಕಚೇರಿಯಲ್ಲಿ ಕೂತು ಕೆಲಸ ಮಾಡುತ್ತಿದ್ದಾಗ ಪಟ್ಟಾ ವಿಷಯ ಕೇಳಲು ಬಂದವನೊಬ್ಬ ಜಾತಿ ಹೆಸರು ತಗದು ಬೈದ ಅನ್ನೋ ದೂರು, 2021ರದ್ದು. ಸಹೋದ್ಯೋಗಿಗಳು ಬಂದದ್ದು ಆಮೇಲೆ. 2025ರ ಜನವರಿ 31ರಂದು ಸುಪ್ರೀಂ ಕೋರ್ಟ್ ಕೇಸ್ ರದ್ದು ಮಾಡಿತು. ಕಚೇರಿಯ ನಾಲ್ಕು ಗೋಡೆಯೊಳಗೆ ನಡೆದದ್ದು ಸಾರ್ವಜನಿಕರ ದೃಷ್ಟಿಗೆ ಬಿದ್ದಂತೆ ಅಲ್ಲ ಅಂತ. ಬೈದವನು ಮೇಲಧಿಕಾರಿ ಅಲ್ಲ, ಹೊರಗಿನವನು, ನಿಜ. ಆದರೆ ಈ ಅಳತೆಗೋಲು ನಾಳೆ ಮೇಲಧಿಕಾರಿಗೂ ರಕ್ಷಣೆ ಆಗುತ್ತದೆ. ಚೇಂಬರಿಗೆ ಕರೆಸಿ, ಬಾಗಿಲು ಹಾಕಿ ಮಾತಾಡಿದರೆ ಆತು.

ಯಾರಾದರೂ ಹೇಳಬಹುದು, "ಸಾರ್ವಜನಿಕರ ದೃಷ್ಟಿ ಅನ್ನೋ ಶಬ್ದ 1989ರ ಕಾಯ್ದೆಯೊಳಗೇ ಐತಿ, ನ್ಯಾಯಾಧೀಶರು ಏನು ಮಾಡ್ತಾರ?" ಹೌದು, ಐತಿ. ಆದರೆ ಅದು ಅವಮಾನ ಮತ್ತು ಜಾತಿ ನಿಂದನೆಯ ಎರಡು ಉಪಕಲಂಗಳಿಗೆ ಸೇರಿದ್ದು. 2016ರ ಜನವರಿಯಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಬೇರೆ ಉಪಕಲಂಗಳೂ ಬಂದವು. ಉದ್ಯೋಗ, ವೃತ್ತಿ ಮಾಡದಂತೆ ತಡೆಯುವುದು ಅಪರಾಧ. ಆರ್ಥಿಕ ಬಹಿಷ್ಕಾರ ಅಪರಾಧ. ದಲಿತರ ಮೇಲೆ ಸುಳ್ಳು, ದುರುದ್ದೇಶದ ಮೊಕದ್ದಮೆ ಹೂಡುವುದಂತೂ ಮೊದಲಿಂದಲೇ ಅಪರಾಧ. ಇವಕ್ಕೆ ಪ್ರೇಕ್ಷಕರು ಬೇಕಿಲ್ಲ. ಆದರೆ ಠಾಣೆಯಲ್ಲಿ ಎಫ್‌ಐಆರ್ ಬರೆಯುವಾಗ ಬೈಗುಳದ ಎರಡು ಕಲಂ ಹಾಕಿ ಕೈ ತೊಳಕೊಂಡುಬಿಡ್ತಾರ. ಆಮೇಲೆ ಹೈಕೋರ್ಟಿನಲ್ಲಿ ಆ ಎರಡು ಬಿದ್ದವು ಅಂದ್ರ ಕೇಸೇ ಬಿತ್ತು.

ಈಗ ಕಾಗದದ ಸೇಡಿಗೆ ಬರೋಣ. ಮಹಾರಾಷ್ಟ್ರದ ಕರಾಡ್, ನಮ್ಮ ಬೆಳಗಾವಿಯಿಂದ ಪುಣೆ ಹಾದಿಯಲ್ಲೇ ಐತಿ. ಅಲ್ಲಿಯ ಸರ್ಕಾರಿ ಫಾರ್ಮಸಿ ಕಾಲೇಜಿನ ದಲಿತ ಸ್ಟೋರ್ ಕೀಪರ್ ಒಬ್ಬರ ಗೌಪ್ಯ ವರದಿಯಲ್ಲಿ ಮೇಲಧಿಕಾರಿಗಳು ಅವರ ಪ್ರಾಮಾಣಿಕತೆ, ನಡತೆ ಸರಿಯಿಲ್ಲ ಅಂತ ಬರೆದರು. 2006ರಲ್ಲಿ ಅವರು ದೌರ್ಜನ್ಯ ಕಾಯ್ದೆಯಡಿ ದೂರು ಕೊಟ್ಟರು. ಅಧಿಕಾರಿಗಳ ಮೇಲೆ ಕೇಸ್ ನಡೆಸಲು ಮಂಜೂರಾತಿ ಬೇಕಿತ್ತು. 2011ರಲ್ಲಿ ಅದು ನಿರಾಕರಣೆ ಆಯಿತು. 2016ರಲ್ಲಿ ಮಂಜೂರಾತಿ ನಿರಾಕರಿಸಿದ ತಾಂತ್ರಿಕ ಶಿಕ್ಷಣ ನಿರ್ದೇಶಕ ಸುಭಾಷ್ ಕಾಶಿನಾಥ್ ಮಹಾಜನ್ ಅವರ ಮೇಲೂ ದೂರು ಕೊಟ್ಟರು. ಆ ಅಧಿಕಾರಿ ಸುಪ್ರೀಂ ಕೋರ್ಟಿಗೆ ಹೋದರು.

2018ರ ಮಾರ್ಚ್ 20ರ ತೀರ್ಪು ನಿಮಗೆ ಗೊತ್ತೇ ಐತಿ. ತಕ್ಷಣ ಬಂಧಿಸುವ ಹಾಗಿಲ್ಲ, ಮೊದಲು ಪ್ರಾಥಮಿಕ ವಿಚಾರಣೆ, ನೌಕರನಾದರೆ ನೇಮಕಾತಿ ಪ್ರಾಧಿಕಾರದ ಒಪ್ಪಿಗೆ. ಏಪ್ರಿಲ್ 2ರ ಭಾರತ್ ಬಂದ್‌ನಲ್ಲಿ ನಮ್ಮವರು ಬೀದಿಗಿಳಿದರು, ಉತ್ತರದ ರಾಜ್ಯಗಳಲ್ಲಿ ಜೀವಗಳೂ ಹೋದವು. ಅದೇ ವರ್ಷ ಸಂಸತ್ತು 18ಎ ಕಲಂ ಸೇರಿಸಿತು. 2019ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ತನ್ನ ಆ ಮಾರ್ಗಸೂಚಿಗಳನ್ನು ವಾಪಸ್ ತಗೊಂಡಿತು. 2020ರ ಫೆಬ್ರುವರಿಯಲ್ಲಿ 18ಎ ಕಲಮನ್ನೂ ಎತ್ತಿಹಿಡಿಯಿತು. ನಾವು ಗೆದ್ದೆವು ಅಂತ ಪಟಾಕಿ ಹಚ್ಚಿದೆವು.

ಆದರೆ ಇದೆಲ್ಲ ಶುರುವಾದದ್ದು ಎಲ್ಲಿಂದ? ಒಬ್ಬ ನೌಕರನ ಗೌಪ್ಯ ವರದಿಯಿಂದ. ಆ ಷರಾಕ್ಕೂ ಅವರ ಜಾತಿಗೂ ಸಂಬಂಧ ಐತೋ ಇಲ್ಲೋ, ಅದರ ಹಿಂದುಮುಂದೆ ಏನು ನಡೆದಿತ್ತು ಅನ್ನೋದು ಸಾಕ್ಷಿ ಹಿಡಿದು ಪೂರ್ತಿ ವಿಚಾರಣೆ ಆಗಲೇ ಇಲ್ಲ. ಇಂಥ ದೂರುಗಳಿಗೆ ಆಸ್ಪದ ಕೊಟ್ಟರೆ ಅಧಿಕಾರಿಗಳು ಕೆಳಗಿನವರ ಬಗ್ಗೆ ಪ್ರತಿಕೂಲ ಷರಾ ಬರೆಯೋದೇ ಕಷ್ಟ ಆಗುತ್ತದೆ ಅನ್ನೋದು ನ್ಯಾಯಪೀಠದ ಚಿಂತೆ ಆಗಿತ್ತು. ಪ್ರತಿಕೂಲ ಷರಾ ಹೊತ್ತುಕೊಂಡು ಉಳಿದ ಸೇವಾವಧಿ ಕಳೆಯೋ ನೌಕರನ ಕಷ್ಟ ಆ ತಕ್ಕಡಿಯೊಳಗೆ ಏರಲೇ ಇಲ್ಲ. ಮಾರ್ಗಸೂಚಿ ವಾಪಸ್ ಬಂತು, ಸ್ಟೋರ್ ಕೀಪರನ ಪ್ರಶ್ನೆ ಹಂಗೇ ಉಳೀತು.

ನಮ್ಮ ಬೆಂಗಳೂರಿನ ಐಐಎಸ್‌ಸಿ ಪ್ರಕರಣವನ್ನೂ ನೆನಪು ಮಾಡಿಕೊಳ್ರಿ. ಬೋವಿ ಸಮುದಾಯದ ಮಾಜಿ ಪ್ರಾಧ್ಯಾಪಕರೊಬ್ಬರು, 2014ರಲ್ಲಿ ನನ್ನನ್ನು ಸುಳ್ಳು ಪ್ರಕರಣದಲ್ಲಿ ಸಿಲುಕಿಸಿ ಕೆಲಸದಿಂದ ತೆಗೆದರು, ಜಾತಿ ನಿಂದನೆ ಮಾಡಿದರು ಅಂತ ದೂರು ಕೊಟ್ಟರು. ಬೆಂಗಳೂರಿನ ನ್ಯಾಯಾಲಯದ ನಿರ್ದೇಶನದಂತೆ 2025ರ ಜನವರಿಯಲ್ಲಿ 18 ಜನರ ಮೇಲೆ ಎಫ್‌ಐಆರ್ ಆಯಿತು. ಏಪ್ರಿಲ್‌ನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಇದು ಕಾನೂನಿನ ದುರುಪಯೋಗ, ಸಿವಿಲ್ ಸ್ವರೂಪದ ನೌಕರಿ ವ್ಯಾಜ್ಯಕ್ಕೆ ಕ್ರಿಮಿನಲ್ ಬಣ್ಣ ಬಳಿದದ್ದು ಅಂದಿತು. ಮೊದಲೇ ರಾಜಿ ಆಗಿತ್ತು, ವಜಾವನ್ನು ರಾಜೀನಾಮೆ ಅಂತ ಮಾಡಿಕೊಂಡು ದೂರುಗಳನ್ನು ಹಿಂಪಡೆಯಲು ಒಪ್ಪಿದ್ದರು ಅನ್ನೋದನ್ನೂ ಎತ್ತಿ ತೋರಿಸಿತು.

ಇದರಲ್ಲಿ ಯಾರದ್ದು ಸತ್ಯ ಅಂತ ಹೇಳಲು ನಾನು ಕೂತಿಲ್ಲ. ಅವರನ್ನು ತೆಗೆದದ್ದು ಲೈಂಗಿಕ ಕಿರುಕುಳದ ದೂರಿನ ವಿಚಾರಣೆಯ ನಂತರ. ಆ ಹೆಣ್ಣುಮಗಳ ದೂರನ್ನು ಹಗುರ ಮಾಡೋದು ನಮ್ಮ ಚಳವಳಿಗೆ ಶೋಭೆ ತರೋದಿಲ್ಲ. ನಾನು ಬೆರಳು ತೋರಿಸೋದು ಒಂದು ಮಾತಿಗೆ ಮಾತ್ರ: 'ಇದು ನೌಕರಿ ವ್ಯಾಜ್ಯ, ಕ್ರಿಮಿನಲ್ ಅಲ್ಲ.' ಸರಿ ಸ್ವಾಮಿ, ಒಪ್ಪಿದೆ. ಹಂಗಾದ್ರ ಜಾತಿ ಕಾರಣಕ್ಕೆ ನೌಕರಿ ಹೋದರೆ ಹೋಗಬೇಕಾದ ಸಿವಿಲ್ ಬಾಗಿಲು ಯಾವುದು? ತೋರಸ್ರಿ.

ಇಲ್ಲ. ಅದೇ ಅಸಲು ವಿಷಯ.

ಸಂವಿಧಾನದ 15, 16ನೇ ವಿಧಿ ಮುಖ್ಯವಾಗಿ ಸರ್ಕಾರವನ್ನು ಕಟ್ಟಿಹಾಕುತ್ತವೆ. ಖಾಸಗಿ ಕಂಪನಿ, ಜಿನ್ನಿಂಗ್ ಮಿಲ್, ಆಸ್ಪತ್ರೆ, ಶೋರೂಮು, ಇಲ್ಲೆಲ್ಲ ಜಾತಿ ಕಾರಣಕ್ಕೆ ಕೆಲಸ ಕೊಡದಿದ್ದರೆ, ಬಡ್ತಿ ತಪ್ಪಿಸಿದರೆ, ದೂರು ಕೊಟ್ಟದ್ದಕ್ಕೆ ಹೊರಗೆ ಹಾಕಿದರೆ ಪರಿಹಾರ ಕೊಡಿಸೋ ಸಮಗ್ರ ಕಾಯ್ದೆ ಈ ದೇಶದಲ್ಲಿಲ್ಲ. ಎಚ್‌ಐವಿ ಇದ್ದವರಿಗೆ ಉದ್ಯೋಗದಲ್ಲಿ ತಾರತಮ್ಯ ಮಾಡಬಾರದು ಅಂತ 2017ರ ಕಾಯ್ದೆ ಐತಿ, ಖಾಸಗಿಯವರಿಗೂ ಅದು ಅನ್ವಯ. ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರ ಕಾಯ್ದೆ ಐತಿ. ಇರಬೇಕು, ಇನ್ನೂ ಗಟ್ಟಿ ಆಗಬೇಕು. 2019ರ ವೇತನ ಸಂಹಿತೆ ಲಿಂಗದ ಆಧಾರದ ತಾರತಮ್ಯ ಮಾಡಬಾರದು ಅನ್ನುತ್ತದೆ, ಜಾತಿ ಅನ್ನೋ ಶಬ್ದ ಬಂದಾಗ ಬಾಯಿ ಮುಚ್ಚುತ್ತದೆ. ಉದ್ಯೋಗದಲ್ಲಿ ಸಾಮಾಜಿಕ ಮೂಲದ ಆಧಾರದ ತಾರತಮ್ಯ ತೊಡೆಯುತ್ತೇವೆ ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 111ನೇ ಒಡಂಬಡಿಕೆಗೆ ಭಾರತ 1960ರಲ್ಲೇ ಸಹಿ ಹಾಕಿದೆ. ಆರು ದಶಕ ದಾಟಿತು.

ಹಿಂಗಾಗಿ ನಮಗೆ ಉಳಿದದ್ದು ಎರಡು ಬಾಗಿಲು. ಕ್ರಿಮಿನಲ್ ಕೋರ್ಟಿಗೆ ಹೋದರೆ "ಇದು ನೌಕರಿ ವಿಷಯ" ಅಂತಾರ. ಕಾರ್ಮಿಕ ನ್ಯಾಯಾಲಯಕ್ಕೋ ಟ್ರಿಬ್ಯುನಲ್ಲಿಗೋ ಹೋದರೆ "ಇಲ್ಲಿ ಜಾತಿ ಮಾತು ಬ್ಯಾಡ, ಆದೇಶ ನಿಯಮದ ಪ್ರಕಾರ ಐತೋ ಇಲ್ಲೋ ಅಷ್ಟೇ ಹೇಳು" ಅಂತಾರ. ಎರಡು ಬಾಗಿಲ ನಡುವೆ ಜಾತಿ ಆರಾಮಾಗಿ ಕುರ್ಚಿ ಹಾಕ್ಕೊಂಡು ಕೂತಿರುತ್ತದೆ.

ಗುತ್ತಿಗೆ ಕೆಲಸದವರ ಗತಿ ಇನ್ನೂ ಕಡೆ. ನಮ್ಮ ಓಣಿಯ ಅಕ್ಕ ಒಬ್ಬಾಕಿ 11 ವರ್ಷ ಕಸ ಗುಡಿಸಿದಾಳ. ಯಾವ ಕಚೇರಿ ಅಂತ ಬರೆಯೋದಿಲ್ಲ, ಆಕಿ ಇನ್ನೂ ಅಲ್ಲೇ ಬಾಳೇವು ಮಾಡಬೇಕು. ಗುತ್ತಿಗೆದಾರರು ನಾಲ್ಕು ಮಂದಿ ಬದಲಾದರು, ಕಸಬರಿಗಿ ಆಕಿದೇ ಇತ್ತು. ಪಿಎಫ್ ಹಣ ಎಲ್ಲಿ ಹೋತು ಅಂತ ಬರವಣಿಗೆಯಲ್ಲಿ ಕೇಳಿದಳು. ಮುಂದಿನ ತಿಂಗಳ ಪಟ್ಟಿಯಲ್ಲಿ ಹೆಸರಿಲ್ಲ. ವಜಾ ಆದೇಶ ಇಲ್ಲ, ನೋಟಿಸ್ ಇಲ್ಲ. ಕಚೇರಿಯವರು "ಈಕಿ ನಮ್ಮ ನೌಕರಳೇ ಅಲ್ಲ" ಅಂದರು. ಗುತ್ತಿಗೆದಾರ "ಟೆಂಡರ್ ಮುಗೀತು" ಅಂದ. ಯಾವ ಆದೇಶದ ಮೇಲೆ ಕೋರ್ಟಿಗೆ ಹೋಗಬೇಕು? ಆಕಿಯನ್ನು ಯಾರೂ ಬೈದಿಲ್ಲ, ಅದೂ ಖರೇ.

ಈ ಗುತ್ತಿಗೆ ಬಲೆಯ ಇತಿಹಾಸದಲ್ಲಿ ನಮ್ಮ ಜಿಲ್ಲೆಯ ಹೆಸರೇ ಐತಿ. 1990ರಲ್ಲಿ ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ದಿನಗೂಲಿ ನೌಕರರ ಸಂಘದ ಪ್ರಕರಣದಲ್ಲಿ, ವರ್ಷಗಟ್ಟಲೆ ದುಡಿದ ದಿನಗೂಲಿಗಳನ್ನು ಹಂತಹಂತವಾಗಿ ಕಾಯಂ ಮಾಡಬೇಕು ಅಂತ ಸುಪ್ರೀಂ ಕೋರ್ಟ್ ರಾಜ್ಯ ಸರ್ಕಾರಕ್ಕೆ ಹೇಳಿತ್ತು. 2006ರ ಏಪ್ರಿಲ್ 10ರಂದು, ಅದೂ ಕರ್ನಾಟಕದ್ದೇ ಆದ ಉಮಾದೇವಿ ಪ್ರಕರಣದಲ್ಲಿ, ಐವರು ನ್ಯಾಯಮೂರ್ತಿಗಳ ಪೀಠ ಆ ದಾರಿಯನ್ನು ಬಹುಮಟ್ಟಿಗೆ ಮುಚ್ಚಿತು. ಹಿಂಬಾಗಿಲ ನೇಮಕಾತಿ ತಡೆಯಬೇಕು ಅನ್ನೋದು ಉದ್ದೇಶ. ಆಗಿದ್ದೇನು? ಕಸ ಗುಡಿಸೋರು, ಗಟಾರ ಬಳಿಯೋರು, ಆಸ್ಪತ್ರೆ ವಾರ್ಡ್ ತೊಳೆಯೋರನ್ನು ಜೀವನಪೂರ್ತಿ 'ತಾತ್ಕಾಲಿಕ' ಇಡೋಕೆ ಇಲಾಖೆಗಳಿಗೆ ಅದೇ ತೀರ್ಪು ಗುರಾಣಿ ಆಯಿತು. ಆ ಕೆಲಸದಲ್ಲಿ ಯಾವ ಕೇರಿಯ ಮಂದಿ ಇದ್ದಾರ ಅಂತ ನಾನು ಹೇಳಬೇಕಾಗಿಲ್ಲ. ತಾತ್ಕಾಲಿಕ ಅಂದ್ರ ದೂರು ಕೊಡೋ ಹಕ್ಕೂ ತಾತ್ಕಾಲಿಕ.

ಹಂಗಂತ ಕೋರ್ಟಿಗೆ ತಾರೀಖು ಓದೋಕೆ ಬರೋದೇ ಇಲ್ಲ ಅಂತಲ್ಲ. ಬರ್ತದ. ಓದ್ಯಾವ ಕೂಡ.

ಲಾಲ್‌ಗುಡಿ ತೀರ್ಪು ಬಂದದ್ದು 2025ರ ಜನವರಿ 31 ಅಂತ ಹೇಳಿದೆನಲ್ಲ? ಅದೇ ದಿನ, ಅದೇ ಸುಪ್ರೀಂ ಕೋರ್ಟಿನ ಇನ್ನೊಂದು ಪೀಠ ಗಾಜಿಯಾಬಾದ್ ನಗರ ನಿಗಮದ ತೋಟದ ಮಾಲಿಗಳ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಆ ಮಾಲಿಗಳು ಕಾಯಂ ಮಾಡ್ರಿ ಅಂತ 2004ರಲ್ಲಿ ಕಾರ್ಮಿಕ ಇಲಾಖೆಯ ಸಂಧಾನ ಅಧಿಕಾರಿ ಮುಂದೆ ಹೋಗಿದ್ದರು. ವ್ಯಾಜ್ಯ ಬಾಕಿ ಇರುವಾಗಲೇ 2005ರಲ್ಲಿ ಅವರನ್ನು ತೆಗೆದುಹಾಕಿದರು. ವ್ಯಾಜ್ಯ ನಡೆದಿರುವಾಗ ಹಿಂಗ ತೆಗೆಯೋದು ಕಾನೂನುಬಾಹಿರ ಅಂದಿತು ಕೋರ್ಟ್. ವಾಪಸ್ ಕೆಲಸ, ಅರ್ಧ ಹಿಂಬಾಕಿ ಸಂಬಳ. ಅಲ್ಲಿ ಯಾರೂ ಬೈಗುಳ ಕೇಳಲಿಲ್ಲ, ಪ್ರೇಕ್ಷಕರನ್ನು ಕೇಳಲಿಲ್ಲ. ಎರಡು ತಾರೀಖು ಪಕ್ಕಪಕ್ಕ ಇಟ್ಟರು, ಉತ್ತರ ಸಿಕ್ಕಿತು. 20 ವರ್ಷ ಹಿಡೀತು, ಅದು ಬೇರೆ ನೋವು.

ಅದಕ್ಕೂ ಮೊದಲು, 2024ರ ಡಿಸೆಂಬರ್ 20ರಂದು, ಕೇಂದ್ರ ಜಲ ಆಯೋಗದಲ್ಲಿ ವರ್ಷಾನುಗಟ್ಟಲೆ ಗುಡಿಸಿ ಒರೆಸಿದವರ ಪ್ರಕರಣ. ಟ್ರಿಬ್ಯುನಲ್ ಅರ್ಜಿ ವಜಾ ಮಾಡಿದ ಬೆನ್ನಲ್ಲೇ 2018ರ ಅಕ್ಟೋಬರಿನಲ್ಲಿ ನೋಟಿಸೂ ಇಲ್ಲದೆ ಅವರನ್ನು ತೆಗೆದಿದ್ದರು. ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿ ಕಾಯಂ ಮಾಡಲು ಹೇಳಿತು, ಉಮಾದೇವಿ ತೀರ್ಪನ್ನು ಕಾರ್ಮಿಕರ ವಿರುದ್ಧ ಆಯುಧ ಮಾಡಿಕೊಳ್ಳಬೇಡಿ ಅಂತ ಎಚ್ಚರಿಸಿತು.

ನನ್ನ ಪ್ರಶ್ನೆ ಇಷ್ಟೇ. ಕಾರ್ಮಿಕ ಅಂತ ಹೋದಾಗ ಹಿಡಿಯೋ ಈ ಕನ್ನಡಕ, ದಲಿತ ಅಂತ ಹೋದಾಗ ಯಾಕ ಕಿಸೆಯೊಳಗ ಹೋಗ್ತದ?

"ದುರುಪಯೋಗ ಆಗ್ತದ" ಅನ್ನೋ ಹಳೆ ರಾಗ ಬರ್ತದ, ಬರಲಿ. ನಾವು ಕೇಳ್ತಿರೋದು ದೂರು ಕೊಟ್ಟವನೆಲ್ಲ ಗೆಲ್ಲಲಿ ಅಂತ ಅಲ್ಲ. ದೂರು ಕೊಟ್ಟ ಸ್ವಲ್ಪೇ ದಿನಕ್ಕೆ ಶಿಕ್ಷೆಯಂಥದ್ದು ಬಂದರೆ, ಕಾರಣ ಹೇಳೋ ಹೊಣೆ ಮಾಲೀಕನ ಮೇಲೆ ಇರಲಿ ಅಂತ. ಹಾಜರಿ ಪುಸ್ತಕ ಅವನ ಹತ್ತಿರ ಐತಿ, ಕಡತ ಅವನ ಹತ್ತಿರ ಐತಿ, ಟಿಪ್ಪಣಿ ಹಾಳೆ ಅವನ ಹತ್ತಿರ ಐತಿ. ಖರೇನೇ ಕೆಲಸಗಳ್ಳ ಆಗಿದ್ದರೆ ದೂರಿಗಿಂತ ಮೊದಲಿನ ಒಂದಾದರೂ ಮೆಮೊ ತೋರಿಸಲಿ. ತೋರಿಸಿದರೆ ಗೆದ್ದ. ಇದರಲ್ಲಿ ಅನ್ಯಾಯ ಏನೈತಿ?

ಇದು ಹೊಸ ಬೇಡಿಕೆಯೂ ಅಲ್ಲ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ತೆಗೆದು ನೋಡ್ರಿ. 4ನೇ ಕಲಂನಲ್ಲಿ ಉದ್ಯೋಗದ ಮಾತು ಐತಿ. 12ನೇ ಕಲಂ ಏನು ಹೇಳ್ತದ ಅಂದ್ರ, ಪರಿಶಿಷ್ಟ ಜಾತಿಯವರ ವಿರುದ್ಧ ಈ ಕಾಯ್ದೆಯ ಅಪರಾಧ ಆಗುವಂಥ ಕೃತ್ಯ ನಡೆದರೆ ಅದು ಅಸ್ಪೃಶ್ಯತೆಯ ಕಾರಣಕ್ಕೇ ನಡೆದದ್ದು ಅಂತ ಕೋರ್ಟ್ ಭಾವಿಸಬೇಕು, ಅಲ್ಲ ಅಂತ ಸಾಬೀತು ಮಾಡೋದು ಎದುರಿನವನ ಕೆಲಸ. 7ನೇ ಕಲಂನಲ್ಲಿ, ಹಕ್ಕು ಚಲಾಯಿಸಿದ್ದಕ್ಕೆ ಸೇಡಿನಿಂದ ಮಾಡೋ ಅಪರಾಧಕ್ಕೆ ಬೇರೆಯೇ ಶಿಕ್ಷೆ ಐತಿ. 1947ರ ಕೈಗಾರಿಕಾ ವಿವಾದ ಕಾಯ್ದೆಯ 33ನೇ ಕಲಂ, ವ್ಯಾಜ್ಯ ಬಾಕಿ ಇರುವಾಗ ಸೇವಾ ಷರತ್ತು ಬದಲಿಸಬಾರದು ಅಂದಿತ್ತು, ಹೊಸ ಸಂಹಿತೆಯಲ್ಲೂ ಆ ನಿಯಮ ಉಳಿದೈತಿ. ವರ್ಗಾವಣೆಯನ್ನು ಶಿಕ್ಷೆಯ ಬದಲಿಗೆ ಬಳಸಿದರೆ ಅದು ಕಾನೂನಿನ ದೃಷ್ಟಿಯಲ್ಲೇ ದುರುದ್ದೇಶ ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ಸೋಮೇಶ್ ತಿವಾರಿ ಪ್ರಕರಣದಲ್ಲಿ ಹೇಳಿದೆ. ಔಷಧ ಮನೆಯೊಳಗೇ ಐತಿ. ಕೊಡೋ ಮನಸ್ಸಿಲ್ಲ.

ಹೊರಗಿನ ದೇಶ ನೋಡ್ರಿ. ಅಮೆರಿಕದ ಸೇಂಟ್ ಲೂಯಿಸ್‌ನ ಪರ್ಸಿ ಗ್ರೀನ್, ಕಪ್ಪು ಮೆಕ್ಯಾನಿಕ್, ನಮ್ಮಂಗ ಹೋರಾಟಗಾರ. ತನ್ನನ್ನು ಕೆಲಸದಿಂದ ತೆಗೆದ ವಿಮಾನ ಕಂಪನಿಯ ವರ್ಣಭೇದದ ವಿರುದ್ಧ ಧರಣಿ ಮಾಡಿದ. ಆಮೇಲೆ ಅದೇ ಕಂಪನಿ ಮೆಕ್ಯಾನಿಕ್ ಬೇಕು ಅಂತ ಜಾಹೀರಾತು ಕೊಟ್ಟಾಗ ಅರ್ಜಿ ಹಾಕಿದ, ತಿರಸ್ಕರಿಸಿದರು. 1973ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಒಂದು ಕ್ರಮ ಹಾಕಿಕೊಟ್ಟಿತು: ನೌಕರ ಮೇಲ್ನೋಟದ ಸಂಗತಿ ತೋರಿಸಲಿ, ಮಾಲೀಕ ಕಾರಣ ಹೇಳಲಿ, ಆ ಕಾರಣ ಬರೀ ನೆಪ ಅಂತ ತೋರಿಸೋ ಅವಕಾಶ ನೌಕರನಿಗೆ ಇರಲಿ. ಗ್ರೀನ್ ಕೊನೆಗೆ ಕೇಸ್ ಸೋತ. ಆದರೆ ಆ ಕ್ರಮ ಇವತ್ತಿಗೂ ಸಾವಿರಾರು ನೌಕರರ ಕೈಯಲ್ಲಿ ಐತಿ. ಇಂಗ್ಲೆಂಡಿನಲ್ಲಿ 2015ರಲ್ಲಿ ಉದ್ಯೋಗ ನ್ಯಾಯಮಂಡಳಿ, ಬಿಹಾರದಿಂದ ಹೋದ ಆದಿವಾಸಿ ಮನೆಗೆಲಸದ ಹೆಣ್ಣುಮಗಳಿಗೆ 1,80,000 ಪೌಂಡಿಗೂ ಹೆಚ್ಚು ಕೊಡಿಸಿತು. ಆಕೆಯ ಮಾಲೀಕರು ಭಾರತ ಮೂಲದವರೇ.

ಬಾಬಾಸಾಹೇಬರು 1928ರ ಮುಂಬೈ ಗಿರಣಿ ಮುಷ್ಕರದ ಹೊತ್ತಿಗೆ ಕೇಳಿದ್ದೂ ಇದನ್ನೇ. ನೇಯ್ಗೆ ವಿಭಾಗದಲ್ಲಿ ಸಂಬಳ ಹೆಚ್ಚು, ಅಲ್ಲಿ ನಮ್ಮವರಿಗೆ ಪ್ರವೇಶ ಇಲ್ಲ, ಯಾಕಂದ್ರ ನೂಲನ್ನು ಬಾಯಿಗೆ ಇಟ್ಟು ಎಳೆಯಬೇಕಿತ್ತು, ನಮ್ಮ ಎಂಜಲು ಆಗ್ತಿತ್ತು. ಹತ್ತಿ ಬೆಳೆಯೋ ಈ ಎರಿ ಭೂಮಿಯಲ್ಲಿ ನಮ್ಮವರು ಬಿಡಿಸಿದ ಅರಳಿ ಎಂಜಲಲ್ಲ, ನೂಲು ಮಾತ್ರ ಎಂಜಲು. ಅವತ್ತೂ ಯಾರೂ ಬೈದಿರಲಿಲ್ಲ. ಅದು 'ಕೆಲಸದ ಪದ್ಧತಿ' ಆಗಿತ್ತು.

ಹಂಗಾಗಿ ನಮ್ಮ ಬೇಡಿಕೆ ಮೂರು. ಒಂದು, ಖಾಸಗಿ ಮತ್ತು ಗುತ್ತಿಗೆ ಉದ್ಯೋಗಕ್ಕೂ ಅನ್ವಯಿಸೋ ಜಾತಿ ತಾರತಮ್ಯ ವಿರೋಧಿ ಸಿವಿಲ್ ಕಾಯ್ದೆ. ಕಾರ್ಮಿಕ ವಿಷಯ ಸಮವರ್ತಿ ಪಟ್ಟಿಯಲ್ಲಿ ಐತಿ, ಕರ್ನಾಟಕ ಸರ್ಕಾರವೇ ಮುಂದಾಗಬಹುದು. ಎರಡು, ದೂರಿನ ನಂತರದ ಶಿಕ್ಷೆಗೆ ಕಾರಣ ತೋರಿಸೋ ಹೊಣೆ ಮಾಲೀಕನದ್ದು ಅಂತ ಅದರಲ್ಲಿ ಬರೆಯಬೇಕು. ಮೂರು, ಕಾಲಮಿತಿ. 20 ವರ್ಷದ ಮೇಲೆ ಬರೋ ನ್ಯಾಯ ಮೊಮ್ಮಕ್ಕಳಿಗೆ ಕಥೆ ಹೇಳಾಕ ಮಾತ್ರ ಉಪಯೋಗ.

ಕಾಯ್ದೆ ಬರೋ ತನಕ ನಾವು ಕೈ ಕಟ್ಟಿ ಕೂರೋದು ಬ್ಯಾಡ. ನೌಕರಿಯಲ್ಲಿರೋ ತಮ್ಮ ತಂಗಿಯರಿಗೆ ನಾಲ್ಕು ಮಾತು.

ಬಾಯಿ ಮಾತಿನ ದೂರು ಬ್ಯಾಡ. ಬರೆದು ಕೊಡ್ರಿ, ಆವಕ ನಂಬರ್ ಹಾಕಿಸಿಕೊಂಡು ಸ್ವೀಕೃತಿ ತಗೊಳ್ರಿ. ತಗೊಳ್ಳದಿದ್ದರೆ ನೋಂದಾಯಿತ ಅಂಚೆಯಲ್ಲಿ ಕಳಸ್ರಿ.

ಒಂದು ನೋಟ್‌ಬುಕ್ ಇಡ್ರಿ. ಯಾವ ದಿನ ಏನಾತು, ಯಾರು ಇದ್ದರು, ಅದೇ ದಿನ ಬರೀರಿ. ಹಾಜರಿ, ಸಂಬಳದ ಚೀಟಿ, ವಾಟ್ಸಾಪ್ ಸಂದೇಶ ಉಳಿಸಿಕೊಳ್ರಿ.

ಠಾಣೆಗೆ ಹೋದಾಗ ಬೈಗುಳ ಒಂದನ್ನೇ ಹೇಳಬ್ಯಾಡ್ರಿ. ಉದ್ಯೋಗ ತಡೆದದ್ದು, ಬಹಿಷ್ಕಾರ ಹಾಕಿದ್ದು, ಸುಳ್ಳು ಕೇಸ್ ಹೂಡಿದ್ದು, ಯಾವುದು ನಡೆದೈತೋ ಅದಕ್ಕೆ ತಕ್ಕ ಕಲಂ ಹಾಕ್ರಿ ಅಂತ ಬರವಣಿಗೆಯಲ್ಲಿ ಕೇಳ್ರಿ. ನಡೆಯದ್ದನ್ನು ಒಂದಕ್ಷರವೂ ಸೇರಿಸಬ್ಯಾಡ್ರಿ. ಸೇರಿಸಿದ ಒಂದು ಸುಳ್ಳು ಖರೇ ಇದ್ದ ಹತ್ತನ್ನು ಕೊಲ್ಲುತ್ತದೆ. ಕೇಸ್ ಆದಮೇಲೆ ಹೆದರಿಸಿದರೆ 15ಎ ಕಲಂನಡಿ ರಕ್ಷಣೆ ಕೇಳ್ರಿ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿಗೆ ಅರ್ಜಿ ಕೊಡ್ರಿ.

ಗಡುವು ಮರೀಬ್ಯಾಡ್ರಿ. ಕೆಲಸದಿಂದ ತೆಗೆದರೆ ನೇರ ಅರ್ಜಿಗೆ ಹಳೆ ಕಾಯ್ದೆಯಲ್ಲಿ 3 ವರ್ಷ ಇತ್ತು, ಹೊಸ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ ಅದು 2 ವರ್ಷ ಆಗೈತಿ. "ಸಾಹೇಬರು ನೋಡೋಣ ಅಂದಾರ" ಅಂತ ಕಾದು ಕೂತರೆ ಆ 2 ವರ್ಷ ಹಾರಿ ಹೋಗ್ತದ.

ಅವರ ಹತ್ತಿರ ಅಧಿಕಾರ ಐತಿ, ಕಡತ ಐತಿ, ಸಿಹಿ ಮಾತೂ ಐತಿ. ನಮ್ಮ ಹತ್ತಿರ ತಾರೀಖು ಐತಿ. ಅದನ್ನು ಕಳಕೊಳ್ಳಬ್ಯಾಡ್ರಿ.

ವಕೀಲಿಕೆ ಮಾಡೋ ಸಂಗಾತಿಗಳು ಕಾಮೆಂಟಿನಲ್ಲಿ ಸೇರಿಸ್ರಿ, ತಿದ್ದೋದಿದ್ದರೆ ತಿದ್ರಿ. ಉಳಿದವರು ನೌಕರಿಯಲ್ಲಿರೋ ಒಬ್ಬರಿಗಾದರೂ ಇದನ್ನು ಓದಿ ಹೇಳ್ರಿ.

ಜೈಭೀಮ್.